ಮೋಟಾರು ಸೈಕಲ್ಲಿನ ಕ್ಲಚ್ಚು: ಲಕ್ಷಣ, ನಿದಾನ, ಚಿಕಿತ್ಸೆ

ಪೀಠಿಕೆ

ಕನ್ನಡವು ಕಾವ್ಯಕ್ಕೆ ಸಲ್ಲುವ ಭಾಷೆ, ಶಾಸ್ತ್ರಕ್ಕಲ್ಲ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಆಗಾಗ ಕಂಡುಬರುವುದುಂಟು. ಇದು ನಿಜವಲ್ಲವೆಂಬುದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯೇ ಸಾಕ್ಷಿ. ಕ್ರಿ.ಶ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಮನೆ ಕಟ್ಟುವುದು, ನೆಲದೊಳಗಣ ನೀರನ್ನು ಅರಿಯುವುದು, ಗಿಡಮರಗಳ ಆರೈಕೆ, ಅಡುಗೆ ಮೊದಲಾದ ಗೃಹಸ್ಥೋಪಯೋಗಿ ವಿಷಯಗಳು ನಿರೂಪಿತವಾಗಿವೆ. ಕೀರ್ತಿವರ್ಮನು 'ಗೋವೈದ್ಯ'ವನ್ನೂ, ರಾಜಾದಿತ್ಯನು 'ವ್ಯವಹಾರಗಣಿತ'ವನ್ನೂ ಕನ್ನಡದಲ್ಲಿಯೇ ಬರೆದರು. ಕೊಟ್ಟಿಗೆಯ ಹಸುವಿಗೆ ಬೇನೆ ಬಂದಾಗ ಗೃಹಸ್ಥನು ತನ್ನ ಭಾಷೆಯಲ್ಲಿಯೇ ಓದಿ ಉಪಚರಿಸಬೇಕೆಂಬುದು ಅಂತಹ ಗ್ರಂಥಗಳ ಹಿರಿಯ ಉಪಯೋಗ.

ಇಂದು ಬಂಡಳ್ಳಿಯಲ್ಲಾಗಲಿ, ಶಾಗ್ಯದಲ್ಲಾಗಲಿ, ಹನೂರಿನಲ್ಲಾಗಲಿ ಎತ್ತುಗಳನ್ನು ಕಟ್ಟುತ್ತಿದ್ದ ಎಷ್ಟೋ ಕೊಟ್ಟಿಗೆಗಳಲ್ಲಿ ಮೋಟಾರು ಸೈಕಲ್ಲು ನಿಂತಿದೆ. ಉಪಾಧ್ಯಾಯರು ಶಾಲೆಗೆ ಬರುವುದು ಅದರ ಮೇಲೆ. ರೈತರು ಮುಸುಕಿನ ಜೋಳದ ಮೂಟೆಯನ್ನು ಸಾಗಿಸುವುದು ಅದರ ಮೇಲೆ. ದಂಪತಿಗಳು ಮಗುವನ್ನು ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗುವುದೂ ಅದರ ಮೇಲೆ. ಆದರೆ ಅದಕ್ಕೆ ಬೇನೆ ಬಂದರೆ ಓದಿ ನೋಡಲು ಒಂದು 'ಗೋವೈದ್ಯ' ನಮ್ಮಲ್ಲಿಲ್ಲ. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವ ಉದ್ದೇಶದಿಂದ, ವಾಹನದ ಒಂದೇ ಒಂದು ಅಂಗವಾದ ಕ್ಲಚ್ಚನ್ನು ಕುರಿತು, ನಮ್ಮ ವೈದ್ಯಶಾಸ್ತ್ರದ ಲಕ್ಷಣ, ನಿದಾನ, ಚಿಕಿತ್ಸೆ, ಪಥ್ಯ ಎಂಬ ಕ್ರಮದಲ್ಲಿ ಈ ಲೇಖನವನ್ನು ಸಿದ್ಧಪಡಿಸಿದೆ. ಕನ್ನಡ ಪಂಡಿತನಿಗೆ ಈ ವಿಷಯವೇಕೆ ಎಂದು ಕೆಲವರು ನಗಬಹುದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಸ್ಪ್ಯಾನರು ಹಿಡಿಯುವ ಕೆಲಸಕ್ಕೂ ಎರಡು ಪುಟ ಸಲ್ಲಬೇಕಾದುದು ನ್ಯಾಯವೇ ಸರಿ.

ಕ್ಲಚ್ಚಿನ ಸ್ವರೂಪ

ಇಂಜಿನ್ನು ಒಮ್ಮೆ ಚಾಲೂ ಆದ ಮೇಲೆ ನಿಲ್ಲದೆ ತಿರುಗುತ್ತಿರಬೇಕು. ಚಕ್ರವಾದರೋ ಒಮ್ಮೆ ನಿಲ್ಲಬೇಕು, ಒಮ್ಮೆ ಚಲಿಸಬೇಕು. ನಿಲ್ಲದುದನ್ನೂ ನಿಲ್ಲಬೇಕಾದುದನ್ನೂ ಬೇಕಾದಾಗ ಕೂಡಿಸಿ, ಬೇಡವಾದಾಗ ಅಗಲಿಸುವ ಅಂಗವೇ ಕ್ಲಚ್ಚು. ವ್ಯಾಕರಣ ಓದಿದವರಿಗೆ ಹೇಳುವುದಾದರೆ, ಲಿವರನ್ನು ಬಿಟ್ಟಾಗ ಇಂಜಿನ್ನಿಗೂ ಗೇರುಪೆಟ್ಟಿಗೆಗೂ ಸಂಧಿಯಾಗುತ್ತದೆ. ಹಿಡಿದಾಗ ಎರಡೂ ಅಕ್ಕಪಕ್ಕದಲ್ಲಿದ್ದರೂ ಕೂಡದೆ ಪ್ರಕೃತಿಭಾವದಲ್ಲಿರುತ್ತವೆ.

ಇದರ ಒಳರಚನೆ ಕಠಿಣವಾದುದಲ್ಲ. ಇಂಜಿನ್ನಿನಿಂದ ತಿರುಗುವ ಒಂದು ಬಟ್ಟಲಿದೆ. ಅದರ ಅಂಚಿನ ಸೀಳುಗಳಲ್ಲಿ ಸಿಕ್ಕಿಕೊಂಡು ಬಟ್ಟಲಿನೊಡನೆ ತಿರುಗುವ, ಘರ್ಷಣೆಯ ಲೇಪವುಳ್ಳ ಬಿಲ್ಲೆಗಳು ಕೆಲವು. ಇವುಗಳ ನಡುನಡುವೆ, ಗೇರುಪೆಟ್ಟಿಗೆಯ ದಂಡಕ್ಕೆ ಸೇರಿದ ನುಣುಪಾದ ಉಕ್ಕಿನ ಬಿಲ್ಲೆಗಳು ಕೆಲವು. ಒಂದು ಬಿಟ್ಟು ಒಂದರಂತೆ ಜೋಡಿಸಿದ ಈ ಬಿಲ್ಲೆಗಳನ್ನು ಬಲವಾದ ಸ್ಪ್ರಿಂಗುಗಳು ಒತ್ತಡದ ತಟ್ಟೆಯ ಮೂಲಕ ಒಂದರ ಮೇಲೊಂದು ಅದುಮಿ ಹಿಡಿದಿರುತ್ತವೆ. ಅದುಮಿದಾಗ ಎಲ್ಲವೂ ಒಂದಾಗಿ ತಿರುಗುತ್ತವೆ. ನಾವು ಎಡಗೈಯ ಲಿವರನ್ನು ಹಿಡಿದರೆ ಕ್ಲಚ್ ವೈರು ಎಳೆಯಲ್ಪಟ್ಟು, ಇಂಜಿನ್ನಿನ ಬಳಿಯ ಸಣ್ಣ ತೋಳು ಹೊರಳಿ, ಒತ್ತಡದ ತಟ್ಟೆ ಮೇಲೇಳುತ್ತದೆ. ಬಿಲ್ಲೆಗಳು ಸಡಿಲಗೊಂಡು ಪ್ರತ್ಯೇಕವಾಗಿ ತಿರುಗತೊಡಗುತ್ತವೆ. ನಮ್ಮಲ್ಲಿ ಬಳಕೆಯಲ್ಲಿರುವ ಬಹುತೇಕ ಮೋಟಾರು ಸೈಕಲ್ಲುಗಳಲ್ಲಿ ಈ ಬಿಲ್ಲೆಗಳು ಆಯಿಲಿನಲ್ಲಿ ತೋಯ್ದೇ ಇರುತ್ತವೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಎಲ್ಲ ವಾಹನಗಳ ಏರ್ಪಾಡೂ ಒಂದೇ ಅಲ್ಲ. ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿನಲ್ಲಿ ಇಂಜಿನ್ನಿನ ವೇಗ ಹೆಚ್ಚಿದಾಗ ಕ್ಲಚ್ಚು ತಾನೇ ಕೂಡಿಕೊಳ್ಳುತ್ತದೆ. ಅಲ್ಲಿ ಕೈಲಿವರೇ ಇಲ್ಲ. ಇನ್ನು ನಮ್ಮ ಸೀಮೆಗೆ ಹತ್ತಿರದ ಉದಾಹರಣೆಯೆಂದರೆ ಮೈಸೂರಿನದು. 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನಲ್ಲಿ ಜಾವಾ ವಾಹನಗಳನ್ನೂ, 1973ರಿಂದ ಯೆಜ್ದಿ ಎಂಬ ಹೆಸರಿನ ವಾಹನಗಳನ್ನೂ ತಯಾರಿಸಿ 1996ರಲ್ಲಿ ಮುಚ್ಚಿತು. ಅವುಗಳಲ್ಲಿ ಕಿಕ್ ಹೊಡೆಯುವ ಲಿವರೂ ಗೇರಿನ ಲಿವರೂ ಒಂದೇ. ಅಷ್ಟೇ ಅಲ್ಲದೆ ಗೇರಿನ ಲಿವರನ್ನು ಕಾಲಿನಿಂದ ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡೂ ಇದ್ದುದರಿಂದ, ಸಾಗುತ್ತಿರುವಾಗ ಕೈಲಿವರಿನ ಹಂಗಿಲ್ಲದೆ ಗೇರು ಬದಲಾಯಿಸಬಹುದಾಗಿತ್ತು. ಇಂದಿಗೂ ಅಂತಹ ವಾಹನವನ್ನು ಕಾಪಾಡಿಕೊಂಡು ಬಂದಿರುವವರು ಕೈಲಿವರಿನ ತಿರುಪಿನಿಂದ ಮಾತ್ರ ತೃಪ್ತರಾಗದೆ, ಇಂಜಿನ್ನಿನ ಬಳಿಯ ಹೊಂದಾಣಿಕೆಯನ್ನೂ ಬಲ್ಲವರಿಂದ ನೋಡಿಸಬೇಕು. ಮುಂದೆ ಹೇಳುವ ಕ್ರಮವು 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮತ್ತು ಅದರ ತರುವಾಯ ಹಳ್ಳಿಹಳ್ಳಿಗೂ ಹರಡಿದ ಸಾಮಾನ್ಯ ವಾಹನಗಳಿಗೆ, ಎಂದರೆ ವೈರಿನಿಂದ ಎಳೆಯುವ ಕ್ಲಚ್ಚುಳ್ಳವುಗಳಿಗೆ, ಅನ್ವಯಿಸುತ್ತದೆ.

'ಆಟ' ಎಂಬ ಮರ್ಮ

ಕ್ಲಚ್ಚಿನ ಆರೋಗ್ಯವೆಲ್ಲ ಒಂದು ಚಿಕ್ಕ ಅಳತೆಯಲ್ಲಿ ಅಡಗಿದೆ. ಲಿವರನ್ನು ಹಿಡಿಯತೊಡಗಿದಾಗ ಮೊದಲಿಗೆ ಅದು ಯಾವ ಬಿಗಿಯೂ ಇಲ್ಲದೆ ಸ್ವಲ್ಪ ದೂರ ಸುಮ್ಮನೆ ಬರುತ್ತದೆ. ಆಮೇಲೆ ಸ್ಪ್ರಿಂಗಿನ ಬಿಗಿ ಕೈಗೆ ತಗಲುತ್ತದೆ. ಈ ಬಿಗಿಯಿಲ್ಲದ ದೂರವನ್ನು ಮೆಕ್ಯಾನಿಕ್ಕುಗಳು 'ಪ್ಲೇ' ಎನ್ನುತ್ತಾರೆ. ಗಾಡಿಯ ಚಕ್ರ ಆಟವಾಡುತ್ತದೆ ಎನ್ನುವಲ್ಲಿ ನಾವು ಬಳಸುವ 'ಆಟ' ಎಂಬ ಮಾತೇ ಇಲ್ಲಿಗೂ ಸಾಕು. ಲಿವರಿನ ತುದಿಯಲ್ಲಿ ಅಳೆದರೆ ಸಾಮಾನ್ಯವಾದ ಚಿಕ್ಕ ಮೋಟಾರು ಸೈಕಲ್ಲುಗಳಲ್ಲಿ ಈ ಆಟ 10ರಿಂದ 20 ಮಿಲಿಮೀಟರ್ ಇರುವುದು ವಾಡಿಕೆ. ಕೆಲವು ವಾಹನಗಳಿಗೆ 2-3 ಮಿಲಿಮೀಟರ್ ಮಾತ್ರ ಹೇಳಿರುತ್ತದೆ. ಆದುದರಿಂದ ವಾಹನದೊಡನೆ ಬಂದ ಕೈಪಿಡಿಯ ಅಂಕಿಯೇ ಪ್ರಮಾಣ.

ಆಟವೇ ಇಲ್ಲದಿದ್ದರೆ ಏನಾಗುತ್ತದೆ? ಕೈ ಲಿವರಿನ ಮೇಲಿಲ್ಲದಿದ್ದರೂ ವೈರು ತೋಳನ್ನು ಎಳೆದೇ ಇರುತ್ತದೆ, ಸ್ಪ್ರಿಂಗಿನ ಬಲ ಪೂರ್ತಿಯಾಗಿ ಬಿಲ್ಲೆಗಳ ಮೇಲೆ ಬೀಳುವುದಿಲ್ಲ, ಬಿಲ್ಲೆಗಳು ಜಾರುತ್ತವೆ. ಆಟ ಅತಿಯಾದರೆ ಏನಾಗುತ್ತದೆ? ಲಿವರನ್ನು ಹಿಡಿಗೆ ತಾಗುವವರೆಗೂ ಎಳೆದರೂ ತಟ್ಟೆ ಪೂರ್ತಿ ಮೇಲೇಳುವುದಿಲ್ಲ, ಬಿಲ್ಲೆಗಳು ಅಗಲುವುದಿಲ್ಲ. ಬಿಗಿಯಾದರೆ ಕೂಡುವುದು ಕೆಡುತ್ತದೆ, ಸಡಿಲವಾದರೆ ಅಗಲುವುದು ಕೆಡುತ್ತದೆ. 'ಬಿಗಿಯಾಗಿದ್ದರೆ ಗಟ್ಟಿಯಾಗಿರುತ್ತದೆ' ಎಂಬ ಸಾಮಾನ್ಯರ ತಿಳಿವಳಿಕೆ ಇಲ್ಲಿ ತಲೆಕೆಳಗಾಗುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಇನ್ನೊಂದು ಸೂಕ್ಷ್ಮವೂ ಉಂಟು. ಈ ಆಟ ಕಾಲಕ್ರಮದಲ್ಲಿ ಎರಡು ದಿಕ್ಕಿಗೂ ಬದಲಾಗುತ್ತದೆ. ವೈರು ಹಿಗ್ಗಿದರೆ ಆಟ ಹೆಚ್ಚುತ್ತದೆ. ಬಿಲ್ಲೆಗಳು ಸವೆದು ತೆಳುವಾದರೆ ಒತ್ತಡದ ತಟ್ಟೆ ಒಳಕ್ಕೆ ಸರಿದು ಆಟ ಕಡಿಮೆಯಾಗುತ್ತದೆ. ಆದಕಾರಣ ಯಾರೂ ಮುಟ್ಟದ ವಾಹನದಲ್ಲಿಯೂ ಆಟ ತಪ್ಪುವುದು ಸಹಜ. ಕಾಲಕಾಲಕ್ಕೆ ನೋಡುತ್ತಿರುವುದೇ ಉಪಾಯ.

ಲಕ್ಷಣ ಮತ್ತು ನಿದಾನ

ಕ್ಲಚ್ಚಿನ ಬೇನೆಗಳು ಮುಖ್ಯವಾಗಿ ಮೂರು.

ಮೊದಲನೆಯದು ಜಾರಿಕೆ. ಏರಿನಲ್ಲಿ ಎಕ್ಸಿಲರೇಟರು ತಿರುಗಿಸಿದರೆ ಇಂಜಿನ್ನಿನ ಸದ್ದು ಏರುತ್ತದೆ, ವಾಹನದ ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರಬಹುದು. ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ. ಸಮನೆಲದಲ್ಲಿ, ಒಬ್ಬರೇ ಕುಳಿತಾಗ ಇದು ತೋರದೇ ಇರಬಹುದು. ಭಾರ ಹೇರಿದಾಗ, ಏರಿನಲ್ಲಿ, ಮೇಲಿನ ಗೇರಿನಲ್ಲಿ ಮೊದಲು ತೋರುತ್ತದೆ. ಕಾರಣಗಳು: ಆಟ ಇಲ್ಲದಿರುವುದು, ಸವೆದ ಬಿಲ್ಲೆಗಳು, ಬಲಗುಂದಿದ ಸ್ಪ್ರಿಂಗುಗಳು, ಅಯೋಗ್ಯವಾದ ಆಯಿಲು.

ಎರಡನೆಯದು ಅಂಟಿಕೆ. ಲಿವರನ್ನು ಪೂರ್ತಿ ಹಿಡಿದು ಗೇರು ಹಾಕಿದರೂ ವಾಹನ ಮುಂದಕ್ಕೆ ತೆವಳುತ್ತದೆ. ಗೇರು ಬೀಳುವಾಗ ಕಟಕಟ ಸದ್ದಾಗುತ್ತದೆ. ನಿಂತಾಗ ನ್ಯೂಟ್ರಲ್ ಸಿಕ್ಕುವುದಿಲ್ಲ. ಕಾರಣಗಳು: ಅತಿಯಾದ ಆಟ, ಸೊಟ್ಟಗಾದ ಉಕ್ಕಿನ ಬಿಲ್ಲೆಗಳು, ಬಟ್ಟಲಿನ ಸೀಳಿನಲ್ಲಿ ಬಿದ್ದ ಕಚ್ಚುಗಳು, ಹಳತಾಗಿ ಕೆಟ್ಟ ಆಯಿಲು. ಬಹುದಿನ ನಿಲ್ಲಿಸಿದ್ದ ವಾಹನದಲ್ಲಿ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು. ಆಗ ಸ್ವಿಚ್ಚು ಹಾಕದೆ, ಗೇರಿಗೆ ಹಾಕಿ, ಲಿವರನ್ನು ಹಿಡಿದು, ವಾಹನವನ್ನು ನಾಲ್ಕಾರು ಬಾರಿ ಹಿಂದೆ ಮುಂದೆ ದೂಡಿದರೆ ಬಿಡುತ್ತವೆ. ಬೆಳಗಿನ ತಂಪಿನಲ್ಲಿ ಕಾಣುವ ಅಲ್ಪಸ್ವಲ್ಪ ಅಂಟಿಕೆ ಇಂಜಿನ್ನು ಬಿಸಿಯಾದ ಮೇಲೆ ಹೋಗುವುದಾದರೆ ಅದನ್ನು ರೋಗವೆಂದು ಎಣಿಸಬೇಕಾಗಿಲ್ಲ.

ಮೂರನೆಯದು ಲಿವರಿನ ಬಿರುಸು. ಹಿಡಿಯಲು ಹೆಚ್ಚು ಬಲ ಬೇಕಾಗುತ್ತದೆ, ಅಥವಾ ಬಿಟ್ಟಾಗ ಲಿವರು ತಡವಾಗಿ ಹಿಂದಿರುಗುತ್ತದೆ. ಇಲ್ಲಿ ದೋಷವು ಬಹುಮಟ್ಟಿಗೆ ವೈರಿನದು. ನುಲಿಯ ಚಂದಯ್ಯನವರು ಹುಲ್ಲಿನ ಎಳೆಗಳನ್ನು ಹೊಸೆದು ಹಗ್ಗ ಮಾಡಿದಂತೆ, ಈ ವೈರು ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದುದು. ಧೂಳು ಸೇರಿ, ತೇವದಿಂದ ತುಕ್ಕು ಹಿಡಿದು, ಲಿವರಿನೊಳಗೆ ಕೂರುವ ಗುಂಡಿನ ಬಳಿ ಒಂದೊಂದೇ ಎಳೆ ಹರಿಯುತ್ತದೆ. ಒಂದೆಳೆ ಹರಿದುದು ಕಂಡೊಡನೆ ಹೊಸ ವೈರು ಹಾಕುವುದೇ ವಿವೇಕ. ಉಳಿದ ಎಳೆಗಳು ಎಲ್ಲಿ, ಯಾವಾಗ ಹರಿಯುತ್ತವೆಂದು ಹೇಳಬರುವುದಿಲ್ಲ.

ಚಿಕಿತ್ಸಾ ಕ್ರಮ

ಬೇಕಾದ ಸಲಕರಣೆಗಳು ಅತ್ಯಲ್ಪ: ವಾಹನದ ನಟ್ಟುಗಳ ಅಳತೆಗೆ ಸರಿಯಾದ ಎರಡು ಸ್ಪ್ಯಾನರುಗಳು, ಇಕ್ಕಳ, ಮಕ್ಕಳ ಪೆಟ್ಟಿಗೆಯ ಅಳತೆಪಟ್ಟಿ, ಸ್ವಲ್ಪ ಆಯಿಲು, ಬಟ್ಟೆಯ ಚೂರು.

1. ಇಂಜಿನ್ನು ತಣ್ಣಗಿರುವಾಗ, ಸಮನೆಲದಲ್ಲಿ, ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡಲನ್ನು ನೇರವಾಗಿರಿಸಿ. ಸ್ವಿಚ್ಚು ಬಂದಾಗಿರಲಿ.

2. ಅಳತೆಪಟ್ಟಿಯನ್ನು ಲಿವರಿನ ತುದಿಗೆ ಹಿಡಿದು, ಒಂದೇ ಬೆರಳಿನಿಂದ ಲಿವರನ್ನು ಮೆಲ್ಲಗೆ ಎಳೆದು, ಬಿಗಿ ತಗಲುವವರೆಗಿನ ದೂರವನ್ನು ಅಳೆದು ಬರೆದಿಟ್ಟುಕೊಳ್ಳಿ. ಅಳೆಯದೆ ತಿರುಪನ್ನು ಮುಟ್ಟತಕ್ಕದ್ದಲ್ಲ.

3. ವೈರನ್ನು ಆದ್ಯಂತವಾಗಿ ಪರೀಕ್ಷಿಸಿ. ಹೊರಕವಚ ಎಲ್ಲಿಯಾದರೂ ಮುರುಟಿದೆಯೇ, ಇಂಜಿನ್ನಿಗೆ ತಾಗಿ ಕರಗಿದೆಯೇ, ಎಳೆ ಹರಿದಿದೆಯೇ ನೋಡಿ. ವೈರು ಒಣಗಿದ್ದರೆ ಲಿವರಿನ ಬಳಿ ಬಿಡಿಸಿ, ಆ ತುದಿಯನ್ನು ಮೇಲಕ್ಕೆತ್ತಿ ಹಿಡಿದು, ಕಾಗದದ ಆಲಿಕೆಯಿಂದ ಹನಿಹನಿಯಾಗಿ ಆಯಿಲು ಬಿಡಿ; ಕೆಳತುದಿಯಲ್ಲಿ ಆಯಿಲು ಕಾಣಿಸಿದರೆ ಸಾಕು. ಗಾಡಿಗೆ ಕೀಲೆಣ್ಣೆ ಹಾಕಿ ಬಲ್ಲ ಮನೆತನದವರಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಲಿವರು ತಿರುಗುವ ಬೋಲ್ಟಿಗೂ ಎರಡು ಹನಿ ಬೀಳಲಿ.

4. ಅಲ್ಪ ವ್ಯತ್ಯಾಸವಿದ್ದರೆ ಲಿವರಿನ ಬಳಿಯ ತಿರುಪಿನಿಂದಲೇ ಸರಿಪಡಿಸಬಹುದು. ಮೊದಲು ಅದರ ಬಿಗಿಬಳೆಯನ್ನು ಸಡಿಲಿಸಿ. ತಿರುಪು ಹೊರಕ್ಕೆ ಬಂದಂತೆ ಆಟ ಕಡಿಮೆಯಾಗುತ್ತದೆ; ಒಳಕ್ಕೆ ಹೋದಂತೆ ಹೆಚ್ಚುತ್ತದೆ. ಸರಿಯಾದ ಮೇಲೆ ಬಳೆಯನ್ನು ಬಿಗಿಮಾಡಿ. ತಿರುಪಿನ ಸೀಳೂ ಲಿವರಿನ ಸೀಳೂ ಒಂದೇ ನೇರದಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ನೇರದಲ್ಲಿದ್ದರೆ ಮಳೆನೀರು ಒಳಹೊಗುವುದಲ್ಲದೆ ವೈರು ಕಳಚಿಕೊಳ್ಳಲೂ ಬಹುದು.

5. ಆ ತಿರುಪು ತೀರ ಹೊರಬಂದು ನಾಲ್ಕೈದು ಸುತ್ತು ಮಾತ್ರ ಹಿಡಿದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಒಂದೆರಡು ಸುತ್ತು ಹಿಂದಕ್ಕೆ ಬಿಟ್ಟು, ಇಂಜಿನ್ನಿನ ಬಳಿ ವೈರು ಬಂದು ಸೇರುವಲ್ಲಿರುವ ಎರಡು ನಟ್ಟುಗಳಿಗೆ ಬನ್ನಿ. ಬಿಗಿನಟ್ಟನ್ನು ಸಡಿಲಿಸಿ, ಹೊಂದಾಣಿಕೆಯ ನಟ್ಟನ್ನು ತಿರುಗಿಸಿ, ಲಿವರಿನ ತುದಿಯಲ್ಲಿ ಬೇಕಾದ ಆಟ ಬಂದ ಮೇಲೆ ಬಿಗಿನಟ್ಟನ್ನು ಭದ್ರಪಡಿಸಿ. ಹೀಗೆ ಮಾಡಿದರೆ ಮುಂದಿನ ಸಣ್ಣ ವ್ಯತ್ಯಾಸಗಳಿಗೆ ಕೈಯ ಬಳಿಯ ತಿರುಪಿನಲ್ಲಿ ಅವಕಾಶ ಉಳಿಯುತ್ತದೆ.

6. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡು ಕಡೆಯೂ ಆಟವನ್ನು ನೋಡಿ. ಒಂದು ಕಡೆ ಆಟ ಮಾಯವಾಗುವುದಾದರೆ ವೈರು ಎಲ್ಲಿಯೋ ಸಿಕ್ಕಿಕೊಂಡಿದೆ ಎಂದು ತಿಳಿದು ಅದರ ದಾರಿಯನ್ನು ಸರಿಪಡಿಸಿ.

7. ಈಗ ಸ್ಟ್ಯಾಂಡು ತೆಗೆದು, ವಾಹನದ ಮೇಲೆ ಕುಳಿತು, ನ್ಯೂಟ್ರಲಿನಲ್ಲಿ ಚಾಲೂ ಮಾಡಿ, ಬ್ರೇಕು ಹಿಡಿದು, ಲಿವರನ್ನೂ ಹಿಡಿದು ಮೊದಲನೆಯ ಗೇರಿಗೆ ಹಾಕಿ. ಸದ್ದಿಲ್ಲದೆ ಗೇರು ಬಿದ್ದು, ವಾಹನ ತೆವಳದೆ ನಿಂತರೆ ಅಗಲಿಕೆ ಸರಿಯಿದೆ. ಬಳಿಕ ಜನಸಂಚಾರವಿಲ್ಲದ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಸಾಗುತ್ತ ಎಕ್ಸಿಲರೇಟರನ್ನು ಹೆಚ್ಚಿಸಿ ನೋಡಿ. ಸದ್ದೂ ವೇಗವೂ ಜೊತೆಜೊತೆಯಾಗಿ ಏರಿದರೆ ಕೂಡಿಕೆ ಸರಿಯಿದೆ.

ಮನೆಯ ಚಿಕಿತ್ಸೆಯ ಮೇರೆ ಇಲ್ಲಿಗೆ ಮುಗಿಯಿತು. ಆಟವನ್ನು ಸರಿಯಾಗಿ ಇರಿಸಿದ ಮೇಲೆಯೂ ಜಾರಿಕೆ ಉಳಿದಿದ್ದರೆ ದೋಷವು ಬಿಲ್ಲೆ, ಸ್ಪ್ರಿಂಗು ಅಥವಾ ಆಯಿಲಿನದು. ಆಗ ತಿರುಪನ್ನು ಮತ್ತೆ ಮತ್ತೆ ತಿರುಗಿಸುವುದು ವ್ಯರ್ಥ. ಹನೂರಿಗೋ ಕೊಳ್ಳೇಗಾಲಕ್ಕೋ ಹೋಗಿ ಮೆಕ್ಯಾನಿಕ್ಕಿಗೆ ಒಪ್ಪಿಸತಕ್ಕದ್ದು. 'ಆಟ ಇಷ್ಟಿದೆ, ವೈರು ಸರಿಯಿದೆ, ಏರಿನಲ್ಲಿ ಮಾತ್ರ ಜಾರುತ್ತದೆ' ಎಂದು ಸ್ಪಷ್ಟವಾಗಿ ಹೇಳಬಲ್ಲ ಗ್ರಾಹಕನಿಗೆ ಅನಾವಶ್ಯಕ ಖರ್ಚು ಬರುವುದು ಕಡಿಮೆ. ಹೊಸ ಬಿಲ್ಲೆ ಹಾಕುವಾಗ ಅವುಗಳನ್ನು ಮೊದಲು ಇಂಜಿನ್ ಆಯಿಲಿನಲ್ಲಿ ನೆನೆಸಿ ಹಾಕುವರೇ ಎಂಬುದನ್ನು ಗಮನಿಸಿ. ಒಣಬಿಲ್ಲೆಗಳು ಆರಂಭದಲ್ಲಿಯೇ ಸುಡುವ ಅಪಾಯವಿದೆ.

ಪಥ್ಯ

ಔಷಧಕ್ಕಿಂತ ಪಥ್ಯ ಮೇಲು. ಲಿವರಿನ ಮೇಲೆ ಸದಾ ಬೆರಳಿಟ್ಟುಕೊಂಡು ಸಾಗುವ ಅಭ್ಯಾಸವನ್ನು ಬಿಡಬೇಕು. ಬೆರಳಿನ ಭಾರವೇ ಆಟವನ್ನು ನುಂಗಿ ಬಿಲ್ಲೆಗಳನ್ನು ಜಾರಿಸುತ್ತದೆ. ಏರಿನಲ್ಲಿ ನಿಲ್ಲಬೇಕಾದಾಗ ಅರ್ಧ ಕ್ಲಚ್ಚಿನಲ್ಲಿ ವಾಹನವನ್ನು ತೂಗಿ ಹಿಡಿಯದೆ ಬ್ರೇಕಿನಿಂದ ನಿಲ್ಲಿಸಬೇಕು. ಆಯಿಲನ್ನು ಕೈಪಿಡಿ ಹೇಳಿದ ಅವಧಿಗೆ ಬದಲಾಯಿಸಬೇಕು. ಕಾರಿಗೆ ಮೀಸಲಾದ ಕೆಲವು ಆಯಿಲುಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಸೇರಿಸಿರುತ್ತಾರೆ. ಅಂತಹವು ಆಯಿಲಿನಲ್ಲಿ ತೋಯ್ದಿರುವ ಕ್ಲಚ್ಚಿಗೆ ವಿಷವಿದ್ದಂತೆ. ಡಬ್ಬಿಯ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' ಎಂಬ ಗುರುತಿದ್ದರೆ ಅದು ಅಂತಹ ಕ್ಲಚ್ಚಿಗೆ ಯೋಗ್ಯವೆಂದು ತಿಳಿಯಬಹುದು. ಜಪಾನಿನವರು 1998ರಲ್ಲಿ ಈ ಗುರುತುಗಳ ಪದ್ಧತಿಯನ್ನು ಜಾರಿಗೆ ತಂದರು.

ಕೊನೆಯದಾಗಿ, ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು. ಕೌದಳ್ಳಿಯನ್ನು ದಾಟಿ ತಾಳಬೆಟ್ಟದಿಂದ ಮೇಲಕ್ಕೆ ಮಲೆ ಮಹದೇಶ್ವರ ಬೆಟ್ಟದ ಘಟ್ಟರಸ್ತೆ. ಅಮಾವಾಸ್ಯೆಯ ದಿನಗಳಲ್ಲಿಯೂ ಶಿವರಾತ್ರಿಯ ಜಾತ್ರೆಯಲ್ಲಿಯೂ ಅಲ್ಲಿ ವಾಹನಗಳ ಸಾಲು. ಊರಿನೊಳಗೆ ಅಡಗಿದ್ದ ಜಾರಿಕೆ ಮೊದಲು ಹೊರಬೀಳುವುದು ಅಲ್ಲಿಯೇ: ತಿರುವಿನಲ್ಲಿ, ಹಿಂದೆ ಬಸ್ಸು ಬರುತ್ತಿರುವಾಗ, ವಾಹನ ಏರಲಾರದೆ ನಿಂತು ಹಿಂದಕ್ಕೆ ಸರಿಯುತ್ತದೆ. ಆದುದರಿಂದ ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಆಟವನ್ನು ಅಳೆದು ನೋಡುವುದು ಮುಡಿಪು ಕಟ್ಟುವಷ್ಟೇ ಅವಶ್ಯ. ಇಳಿಯುವಾಗ ಪೆಟ್ರೋಲು ಉಳಿಸಲೆಂದು ಇಂಜಿನ್ನನ್ನು ನಿಲ್ಲಿಸಿ, ನ್ಯೂಟ್ರಲಿನಲ್ಲಿ ಅಥವಾ ಕ್ಲಚ್ಚು ಹಿಡಿದು ಜಾರಿಬಿಡುವವರಿದ್ದಾರೆ. ಇದು ಮಹಾ ಅಪಾಯ. ಕೆಳಗಿನ ಗೇರಿನಲ್ಲಿದ್ದರೆ ಇಂಜಿನ್ನೇ ಚಕ್ರವನ್ನು ತಡೆದು ಹಿಡಿಯುತ್ತದೆ. ಆ ಸಂಬಂಧವನ್ನು ಕಡಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು, ಹಿಡಿತ ಕಳೆದುಕೊಳ್ಳುತ್ತದೆ. ಉಳಿಯುವುದು ಕೆಲವು ರೂಪಾಯಿಯ ಪೆಟ್ರೋಲು. ಪಣಕ್ಕಿಡುವುದು ಹಿಂದೆ ಕುಳಿತ ಹೆಂಡಿರು ಮಕ್ಕಳ ಜೀವ.

ಉಪಸಂಹಾರ

ತನ್ನ ಕಾಯಕದ ಸಲಕರಣೆಯನ್ನು ತಾನು ಅರಿತಿರುವುದೂ ಕಾಯಕದ ಒಂದು ಭಾಗ. ಕುಂಬಾರನು ತನ್ನ ತಿಗುರಿಯನ್ನೂ, ನೇಕಾರನು ತನ್ನ ಮಗ್ಗವನ್ನೂ ಬಲ್ಲಂತೆ, ದಿನವೂ ಸವಾರಿ ಮಾಡುವವನು ತನ್ನ ವಾಹನವನ್ನು ಇಷ್ಟಾದರೂ ಬಲ್ಲವನಾಗಬೇಕು. ನಮ್ಮ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ಯಂತ್ರಜ್ಞಾನ ಬಲ್ಲವರು ಅನೇಕರಿದ್ದಾರೆ. ಅವರು ವರ್ಷಕ್ಕೊಮ್ಮೆಯಾದರೂ ಬಂದು, ಮೇಲಿನ ತರಗತಿಯ ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಒಂದು ವಾಹನವನ್ನು ನಿಲ್ಲಿಸಿ, ಕನ್ನಡದಲ್ಲಿಯೇ ಇಂತಹ ಪಾಠವನ್ನು ಹೇಳಬೇಕೆಂದು ಕೋರುತ್ತೇನೆ. ದಾನಿಗಳಾದ ಮಹನೀಯರು ಒಂದು ಪೆಟ್ಟಿಗೆ ಸ್ಪ್ಯಾನರುಗಳನ್ನೂ ಬಿಚ್ಚಿ ಜೋಡಿಸಲು ಒಂದು ಹಳೆಯ ಕ್ಲಚ್ಚನ್ನೂ ಶಾಲೆಗೆ ಕೊಡಿಸಿದರೆ ಆ ಪಾಠ ಸಾಂಗವಾಗುತ್ತದೆ. ಪುಸ್ತಕದ ವಿದ್ಯೆಯೂ ಕೈಯ ವಿದ್ಯೆಯೂ ಒಂದೇ ಅಂಗಳದಲ್ಲಿ ಬೆಳೆಯಲೆಂದು ಹಾರೈಸುತ್ತೇನೆ.